ಕ್ರೀಡಾ ರೈಫಲ್ ಜೋಡಣೆ

ಕ್ರೀಡಾ ರೈಫಲ್ ಜೋಡಣೆ ಎಂದರೆ ಗುರಿಸ್ಪರ್ಧೆಯ ರೈಫಲಿನ ಬಿಡಿಭಾಗಗಳನ್ನು ಶೂಟರನ ಮೈಕಟ್ಟಿಗೆ ಹೊಂದುವಂತೆ ಕೂಡಿಸಿ, ಸರಿಪಡಿಸಿಕೊಳ್ಳುವ ಕ್ರಮ. ಅಮೆರಿಕದಲ್ಲಿ ಬಿಡಿಭಾಗಗಳನ್ನು ಕೊಂಡು ಮನೆಯಲ್ಲಿಯೇ ಬಂದೂಕು ಕಟ್ಟುವ ಹವ್ಯಾಸವಿದೆ. ಭಾರತದಲ್ಲಿ ಆ ಅರ್ಥದ ಜೋಡಣೆ ಅಪರಾಧವಾಗುತ್ತದೆ. ಇಲ್ಲಿ ಹೊಸಬರಿಗೆ ಸಲ್ಲುವುದು 10 ಮೀಟರ್ ಏರ್ ರೈಫಲಿನ ಹೊಂದಾಣಿಕೆ ಮಾತ್ರ.

ಹಿನ್ನೆಲೆ

ಕೋಲಾರ ಚಿನ್ನದ ಗಣಿಯಲ್ಲಿ (ಕೆಜಿಎಫ್) ಬ್ರಿಟಿಷರ ಕಾಲದಲ್ಲಿ ಸ್ವಯಂಸೇವಕ ರೈಫಲ್ ಪಡೆಯೊಂದಿತ್ತು. 1920ರ ಆಕ್ಸಿಲಿಯರಿ ಫೋರ್ಸ್ ಕಾಯ್ದೆಯ ನಂತರ ಅದು ಕೋಲಾರ ಗೋಲ್ಡ್ ಫೀಲ್ಡ್ಸ್ ಬೆಟಾಲಿಯನ್ ಎನಿಸಿಕೊಂಡಿತು. ಸ್ವಾತಂತ್ರ್ಯದೊಂದಿಗೆ ಅಂತಹ ಪಡೆಗಳು ವಿಸರ್ಜನೆಗೊಂಡವು. ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಗಣಿಯ ಕಾರ್ಯಾಗಾರಗಳಲ್ಲಿಯೂ ಬಿಇಎಂಎಲ್ ಕಾರ್ಖಾನೆಯಲ್ಲಿಯೂ ಪಳಗಿದ ಫಿಟ್ಟರ್ ಮತ್ತು ಟರ್ನರ್‌ಗಳ ಕೈಚಳಕ ಕೆಜಿಎಫ್, ಬಂಗಾರಪೇಟೆಗಳಲ್ಲಿ ಉಳಿದಿದೆ. ಲೇತ್ ಬಲ್ಲವನಿಗೆ ನಳಿಗೆ ಕೊರೆಯುವುದು ಅಸಾಧ್ಯವೆನಿಸದು. ಕಾನೂನಿನ ತಿಳಿವಳಿಕೆ ಇಲ್ಲಿ ಹೆಚ್ಚು ಅಗತ್ಯವಾಗುವುದು ಇದರಿಂದಲೇ.

ಕಾನೂನು

1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ 'ಶಸ್ತ್ರ' ಎಂಬ ಪದ ಅದರ ಬಿಡಿಭಾಗಗಳನ್ನೂ ಒಳಗೊಳ್ಳುತ್ತದೆ. 3ನೆಯ ಕಲಮಿನಂತೆ ಬಂದೂಕನ್ನು ಹೊಂದಲು ಪರವಾನಗಿ ಬೇಕು. 5ನೆಯ ಕಲಮಿನಂತೆ ತಯಾರಿಕೆ, ಪರಿವರ್ತನೆ, ದುರಸ್ತಿ ಹಾಗೂ ಮಾರಾಟಕ್ಕೆ ಪ್ರತ್ಯೇಕ ಪರವಾನಗಿ ಬೇಕು. 2019ರ ತಿದ್ದುಪಡಿಯ ಮೇರೆಗೆ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷಗಳಿಂದ ಜೀವಾವಧಿಯವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಕುತೂಹಲಕ್ಕಾಗಿ ಮಾಡಿದ್ದೆಂಬ ಸಮಜಾಯಿಷಿ ಪರವಾನಗಿಯ ಸ್ಥಾನವನ್ನು ತುಂಬುವುದಿಲ್ಲ.

4.5 ಮಿ.ಮೀ. ವ್ಯಾಸ ಹಾಗೂ 20 ಜೂಲ್ ಶಕ್ತಿಯನ್ನು ಮೀರದ ಏರ್ ರೈಫಲಿಗೆ 2016ರ ನಿಯಮಗಳಲ್ಲಿ ಪರವಾನಗಿಯಿಂದ ವಿನಾಯಿತಿಯಿದೆ.

ಹೊಂದಾಣಿಕೆಯ ಕ್ರಮ

ಸ್ಪರ್ಧೆಯ ಏರ್ ರೈಫಲಿನಲ್ಲಿ ಭುಜಕ್ಕೊತ್ತುವ ಬಟ್ ಪ್ಲೇಟ್, ಕೆನ್ನೆಯಾನಿಸುವ ಪಟ್ಟಿ, ಕೈಯಾಸರೆ, ಹಿಂದು-ಮುಂದಿನ ಸೈಟ್‌ಗಳು ಹಾಗೂ ಗಾಳಿ ತುಂಬಿದ ಸಿಲಿಂಡರ್ ಬಿಚ್ಚಿ ಸೇರಿಸಬಲ್ಲ ಭಾಗಗಳು. ಕೆಲಸಕ್ಕೆ ಮುನ್ನ ಪೆಲೆಟ್ ಇಲ್ಲವೆಂಬುದನ್ನು ಕಣ್ಣಾರೆ ನೋಡಬೇಕು. ಸಿಲಿಂಡರಿನ ಮೇಲೆ ಕೊರೆದ ಬಳಕೆಯ ಅವಧಿಯನ್ನೂ ಪರೀಕ್ಷಿಸಬೇಕು. ಟ್ರಿಗರಿನ ಒಳಭಾಗಕ್ಕೆ ಕೈ ಹಾಕುವುದು ಹೊಸಬರ ಕೆಲಸವಲ್ಲ.

ಮೊದಲು ಹೊಂದಿಸಬೇಕಾದದ್ದು ಬಟ್ ಪ್ಲೇಟ್. ನಿಂತ ಭಂಗಿಯಲ್ಲಿ ಎಡಮೊಣಕೈ ಸೊಂಟದ ಮೂಳೆಯ ಮೇಲೆ ಊರಿರುವಾಗ (ಬಲಗೈಯವರಿಗೆ) ರೈಫಲಿನ ಭಾರವನ್ನು ಸ್ನಾಯುಗಳಲ್ಲ, ಮೂಳೆಗಳು ಹೊರಬೇಕು. ಅನಂತರ, ಕತ್ತು ಬಗ್ಗಿಸದೆ ಕೆನ್ನೆ ಇಟ್ಟೊಡನೆ ಕಣ್ಣು ಹಿಂದಿನ ಸೈಟಿನ ರಂಧ್ರಕ್ಕೆ ನೇರವಾಗುವಂತೆ ಕೆನ್ನೆಪಟ್ಟಿಯನ್ನು ಏರಿಸಬೇಕು ಅಥವಾ ಇಳಿಸಬೇಕು. ಅನೇಕರು ಪಟ್ಟಿಯನ್ನು ಬಿಟ್ಟು ಕತ್ತನ್ನೇ ಬಗ್ಗಿಸಿ, ಅದನ್ನೇ ರೂಢಿ ಮಾಡಿಕೊಳ್ಳುತ್ತಾರೆ. ಕಣ್ಣು ಮುಚ್ಚಿ ರೈಫಲ್ ಹಿಡಿದು, ಉಸಿರು ಸಡಿಲಿಸಿ ಮತ್ತೆ ಕಣ್ಣು ತೆರೆದಾಗ ಗುರಿ ಪಕ್ಕಕ್ಕೆ ಸರಿದಿದ್ದರೆ ತೋಳಿನಿಂದ ಎಳೆಯಬಾರದು. ಪಾದಗಳನ್ನೇ ಸರಿಸಿ ನಿಲ್ಲಬೇಕು.

ಸೈಟ್ ತಿರುಗಿಸುವುದು ಕೊನೆಗೆ. ಐದಾರು ಪೆಲೆಟ್‌ಗಳು ಒಂದೇ ಕಡೆ ಗುಂಪಾಗಿ ಬೀಳುವವರೆಗೆ ಅದನ್ನು ಮುಟ್ಟದಿರುವುದು ಲೇಸು. 10 ಅಂಕದ ಚುಕ್ಕೆಯ ವ್ಯಾಸ ಕೇವಲ 0.5 ಮಿ.ಮೀ.; ಗುಂಪಿಲ್ಲದೆ ತಿದ್ದಿದರೆ ತಪ್ಪು ಸೈಟಿನದೋ ಭಂಗಿಯದೋ ತಿಳಿಯದು. ಭಾಗಗಳೆಲ್ಲ ಸೇರಿ ತೂಕ 5.5 ಕಿ.ಗ್ರಾಂ. ಮೀರಬಾರದು. ಪೆಲೆಟ್ ಸೀಸದ್ದಾದ್ದರಿಂದ ಅಭ್ಯಾಸದ ನಂತರ, ಏನನ್ನಾದರೂ ತಿನ್ನುವ ಮೊದಲು, ಕೈ ತೊಳೆಯಬೇಕು.

ಭಾರತಕ್ಕೆ ಒಲಿಂಪಿಕ್ಸಿನ ಮೊದಲ ವೈಯಕ್ತಿಕ ಚಿನ್ನ ದೊರೆತದ್ದು ಈ ವಿಭಾಗದಲ್ಲಿಯೇ. 2008ರಲ್ಲಿ ಬೀಜಿಂಗಿನಲ್ಲಿ ಅದನ್ನು ಗೆದ್ದವರು ಅಭಿನವ್ ಬಿಂದ್ರಾ.