ಏಳು ದಿನದ ಲೆಕ್ಕ ಎಲ್ಲಿಂದ ಬಂತು?

ಅಕ್ಕನಿಗೆ ಮಂಡ್ಯದಲ್ಲಿ ಸಿಸೇರಿಯನ್ ಆಯ್ತು. ಮೂರನೇ ದಿನವೇ "ನಾಳೆ ಕರ್ಕೊಂಡು ಹೋಗಿ" ಅಂದರು. ಅಮ್ಮ ರೇಗಿಬಿಟ್ಟಳು. "ಹೊಲಿಗೆ ಬಿಚ್ಚೋದು ಬೇಡ್ವಾ? ನೀನು ಹುಟ್ಟಿದಾಗ ಆಪರೇಷನ್ ಆಗಿ ವಾರ ಮಲಗಿದ್ದೆ ಕಣೋ!"

ಆ ವಾರದ ಬೆನ್ನು ಹತ್ತಿದೆ. 1882ಕ್ಕೆ ಮೊದಲು ಗರ್ಭಕೋಶಕ್ಕೆ ಸಾಮಾನ್ಯವಾಗಿ ಹೊಲಿಗೆಯನ್ನೇ ಹಾಕುತ್ತಿರಲಿಲ್ಲ. ಬದುಕುಳಿದ ತಾಯಂದಿರು ಕಡಿಮೆ. ಹೊಲಿಯಲೇಬೇಕು ಅಂತ ಆ ವರ್ಷ ವಾದಿಸಿದವನು ಜರ್ಮನಿಯ ಮ್ಯಾಕ್ಸ್ ಸ್ಯಾಂಗರ್. ಆಮೇಲೂ ಬಹಳ ಕಾಲ ಬಾಣಂತಿ ಹಾಸಿಗೆ ಬಿಟ್ಟು ಏಳೋ ಹಾಗಿರಲಿಲ್ಲ. ಬೇಗ ಎಬ್ಬಿಸಿ ನಡೆಸುವ ಪದ್ಧತಿ ಹರಡಿದ್ದು 1940ರ ದಶಕದಲ್ಲಿ. ಮಲಗೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ. ಚರ್ಮದ ಹೊಲಿಗೆ ಬಿಚ್ಚೋಕೆ ಮಾತ್ರ ವಾರ ಕಾಯಬೇಕಿತ್ತು. ಈಗ ಕರಗುವ ದಾರವೂ ಇದೆ.

ಆದರೆ ಅಮ್ಮನ ಲೆಕ್ಕ ಸರ್ಕಾರದ ಕಾಗದದಲ್ಲೂ ಇದೆ! 2011ರ ಜೂನ್ 1ರಂದು ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ, ಸರ್ಕಾರಿ ಆಸ್ಪತ್ರೆಯ ಉಚಿತ ಊಟ ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನದವರೆಗೆ. ಮನೆಗೆ ಬಿಡೋ ಗಾಡಿಯೂ ಪುಕ್ಕಟೆ. ಹಸಿ ಗಾಯ ಹೊತ್ತು ಮಳವಳ್ಳಿ ಕಡೆಯ ಹಳ್ಳಿಗೆ ಬಸ್ಸಲ್ಲಿ ಕುಲುಕಾಡಿಕೊಂಡು ಹೋಗೋರಿಗೆ ಇದು ಸಣ್ಣ ಮಾತಲ್ಲ (ಕೇಳಿ ಪಡೀರಿ).

ಅಕ್ಕ ಐದನೇ ದಿನ ಮದ್ದೂರಿನ ಮನೆಗೆ ಬಂದಳು. ಡಾಕ್ಟರು ನಡೀಬೇಕು ಅಂದಿದ್ದಾರೆ, ಅಮ್ಮ ಬಾಣಂತಿ ಕೋಣೆಯ ಹೊಸಿಲು ದಾಟೋಕೆ ಬಿಡ್ತಿಲ್ಲ. ಪಾಪ, ಕೋಣೆಯೊಳಗೇ ಸುತ್ತು ಹಾಕ್ತಿದ್ದಾಳೆ...