ಅಪ್ಪನ ವಾಚಿಗೆ ಮತ್ತೆ ಕೀ: ಜಾಲಹಳ್ಳಿಯ ಗಡಿಯಾರಗಳ ಎರಡನೇ ಬದುಕು

ಹಳೆಯ ಮನೆಗಳ ಬೀರುವಿನ ಒಳಗೂಡಿನಲ್ಲಿ ಒಂದು ಕೈಗಡಿಯಾರ ಸಿಕ್ಕುವುದುಂಟು. ಗಾಜಿನ ತುಂಬ ಗೀರು. ಡಯಲ್ ಹಳದಿ ತಿರುಗಿದೆ. ಬೆಲ್ಟು ಎಂದೋ ಹರಿದುಹೋಗಿದೆ. ಮುಳ್ಳುಗಳು ಯಾವುದೋ ಒಂದು ದಿನದ ಹತ್ತು ಇಪ್ಪತ್ತಕ್ಕೆ ನಿಂತುಬಿಟ್ಟಿವೆ. ಅದನ್ನು ಕಟ್ಟಿಕೊಂಡು ಕಚೇರಿಗೆ ಹೋಗುತ್ತಿದ್ದ ಅಪ್ಪ ಈಗಿಲ್ಲ. ಎಸೆಯಲು ಯಾರಿಗೂ ಮನಸ್ಸಿಲ್ಲ, ರಿಪೇರಿ ಮಾಡಿಸಲು ಯಾರಿಗೂ ಪುರಸೊತ್ತಿಲ್ಲ. ಡಯಲಿನ ಮೇಲೆ ಸಣ್ಣ ಮೂರು ಅಕ್ಷರಗಳಿವೆ: ಎಚ್.ಎಂ.ಟಿ.

ಇಂಥ ನಿಂತ ಗಡಿಯಾರಗಳನ್ನು ಹುಡುಕಿ ತಂದು, ಬಿಚ್ಚಿ, ತೊಳೆದು ಮತ್ತೆ ಓಡಿಸುವುದು ಈಗ ಅನೇಕರ ಹವ್ಯಾಸ. ಹಳೆಯ ಕಾರುಗಳನ್ನು ಜೋಡಿಸಿ ರಸ್ತೆಗಿಳಿಸುವ ಹವ್ಯಾಸಕ್ಕೆ ಇದು ಹತ್ತಿರದ ಸಂಬಂಧಿ. ಇಂಗ್ಲೆಂಡಿನಲ್ಲಿ 1905ಕ್ಕಿಂತ ಮೊದಲು ತಯಾರಾದ ಕಾರುಗಳು ಲಂಡನ್ನಿನಿಂದ ಬ್ರೈಟನ್ನಿಗೆ ಇಂದಿಗೂ ವರ್ಷಕ್ಕೊಮ್ಮೆ ಓಡುತ್ತವೆ. ಆದರೆ ಕಾರು ಸಾಕಲು ಷೆಡ್ಡು ಬೇಕು, ಮೆಕ್ಯಾನಿಕ್ ಬೇಕು, ಕೈತುಂಬ ಹಣವೂ ಬೇಕು. ಗಡಿಯಾರಕ್ಕೆ ಒಂದು ಮೇಜು, ಒಂದು ಚಿಮಟ, ಕಣ್ಣಿಗೆ ಸಿಕ್ಕಿಸುವ ಒಂದು ಮಸೂರ ಸಾಕು. ಮಧ್ಯಮ ವರ್ಗದ ವಿಂಟೇಜ್ ಕಾರು ಎಂದರೆ ಕೀ ಕೊಡುವ ವಾಚು. ಅಂಥ ವಾಚುಗಳು ಕನ್ನಡ ನಾಡಿನಲ್ಲಿ ಹುಟ್ಟಿದ ಊರು ಬೆಂಗಳೂರಿನ ಜಾಲಹಳ್ಳಿ.

ಯಂತ್ರಗಳ ಊರಿನಲ್ಲಿ ಗಡಿಯಾರ

ಜಾಲಹಳ್ಳಿಗೆ ಮೊದಲು ಬಂದದ್ದು ಗಡಿಯಾರವಲ್ಲ, ಲೇತ್. ಸ್ವಾತಂತ್ರ್ಯ ಬಂದ ಹೊಸತರಲ್ಲಿ ದೇಶಕ್ಕೆ ಕಾರ್ಖಾನೆಗಳು ಬೇಕಿದ್ದವು. ಕಾರ್ಖಾನೆಗಳಿಗೆ ಯಂತ್ರಗಳು ಬೇಕು, ಯಂತ್ರಗಳನ್ನು ತಯಾರಿಸಲು ಇನ್ನೊಂದು ಬಗೆಯ ಯಂತ್ರಗಳು ಬೇಕು. ಈ ತಾಯಿಯಂತ್ರಗಳನ್ನು ಇಲ್ಲಿಯೇ ತಯಾರಿಸುವ ಉದ್ದೇಶದಿಂದ ಕೇಂದ್ರ ಸರ್ಕಾರ 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯನ್ನು ಸ್ಥಾಪಿಸಿತು. ತಾಂತ್ರಿಕ ನೆರವು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯದು.

ಆಗ ಭಾರತದಲ್ಲಿ ಕೈಗಡಿಯಾರವೆಂದರೆ ವಿದೇಶದ ಮಾಲು. ಸ್ವಿಸ್ ವಾಚು ಕಟ್ಟುವುದು ಅನುಕೂಲಸ್ಥರ ಲಕ್ಷಣ. ಉಳಿದವರು ಗೋಡೆ ಗಡಿಯಾರ, ರೇಡಿಯೊ, ಕಾರ್ಖಾನೆಯ ಸೈರನ್ ಇವುಗಳಿಂದಲೇ ಹೊತ್ತು ತಿಳಿಯಬೇಕಿತ್ತು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್.ಎಂ.ಟಿ. ಜಾಲಹಳ್ಳಿಯಲ್ಲಿ ಗಡಿಯಾರದ ಕಾರ್ಖಾನೆ ತೆರೆಯಿತು. ಮೊದಲ ತಂಡದ ಕೈಗಡಿಯಾರಗಳನ್ನು 1961ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಬಿಡುಗಡೆ ಮಾಡಿದರು.

ಹೆಸರುಗಳಲ್ಲೇ ಆ ಕಾಲದ ಆಸೆಗಳನ್ನು ಓದಬಹುದು. ಜನಸಾಮಾನ್ಯನಿಗೆ ‘ಜನತಾ’, ಸೈನಿಕನ ನೆನಪಿಗೆ ‘ಜವಾನ್’, ಕಪ್ಪು ಡಯಲಿನ ‘ಪೈಲಟ್’, ತೆಳ್ಳಗಿನ ‘ಸೋನಾ’, ಹೆಂಗಸರಿಗೆ ‘ಸುಜಾತಾ’. ಕೈ ಆಡಿಸಿದರೆ ತಾನೇ ಕೀ ಸುತ್ತಿಕೊಳ್ಳುವ ‘ಕಾಂಚನ್’ ಮದುವೆಯ ಮಾತುಕತೆಗಳಲ್ಲೇ ಜಾಗ ಪಡೆಯಿತು. ಅಂಧರು ಮುಳ್ಳು ಮುಟ್ಟಿ ಹೊತ್ತು ತಿಳಿಯುವ ಬ್ರೈಲ್ ಗಡಿಯಾರವೂ ಬಂತು. ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ, ಕೈಹಿಡಿವ ಅಳಿಯನಿಗೆ, ನಿವೃತ್ತರಾಗುವ ಮೇಷ್ಟ್ರಿಗೆ ಕೊಡುವ ಉಡುಗೊರೆ ಎಂದರೆ ಎಚ್.ಎಂ.ಟಿ. ವಾಚು ಎಂಬಂತಾಯಿತು. ಕಾರ್ಖಾನೆಗಳು ತುಮಕೂರು, ಶ್ರೀನಗರ, ರಾಣಿಬಾಗ್‌ಗಳಿಗೂ ಹಬ್ಬಿದವು. ಲಾಲ್‌ಬಾಗಿನಲ್ಲಿರುವ ಹೂವಿನ ಗಡಿಯಾರ ಕೂಡ 1983ರಲ್ಲಿ ಎಚ್.ಎಂ.ಟಿ. ಕೊಟ್ಟ ಕೊಡುಗೆಯೇ.

ಗಂಟೆಗೆ 18,000 ಬಡಿತ

‘ಜನತಾ’ ಅಥವಾ ‘ಪೈಲಟ್’ ಗಡಿಯಾರದ ಹಿಂಬದಿಯ ಮುಚ್ಚಳ ತೆಗೆದರೆ ಒಳಗೆ ಬ್ಯಾಟರಿ ಕಾಣುವುದಿಲ್ಲ. ಒಂದು ಡಬ್ಬಿಯೊಳಗೆ ಸುರುಳಿ ಸುತ್ತಿದ ಉಕ್ಕಿನ ಪಟ್ಟಿಯಿದೆ. ಕೀ ಕೊಟ್ಟಾಗ ಈ ಸ್ಪ್ರಿಂಗ್ ಬಿಗಿಯಾಗುತ್ತದೆ, ಮತ್ತೆ ನಿಧಾನವಾಗಿ ಸಡಿಲವಾಗುತ್ತ ಹಲ್ಲುಚಕ್ರಗಳನ್ನು ತಿರುಗಿಸುತ್ತದೆ. ತಡೆಯುವವರಿಲ್ಲದಿದ್ದರೆ ಅದು ಕ್ಷಣಗಳಲ್ಲಿ ಬಿಚ್ಚಿಕೊಂಡುಬಿಡುತ್ತದೆ. ಹಾಗಾಗದಂತೆ ಕಾಯುವುದು ಬ್ಯಾಲೆನ್ಸ್ ಚಕ್ರ. ಕೂದಲೆಳೆಯಂಥ ಇನ್ನೊಂದು ಸ್ಪ್ರಿಂಗಿನ ಹಿಡಿತದಲ್ಲಿ ಅದು ಅತ್ತಿಂದಿತ್ತ ತೂಗುತ್ತ, ಪ್ರತಿ ತೂಗಿಗೆ ಒಂದೊಂದೇ ಹಲ್ಲನ್ನು ಮುಂದೆ ಬಿಡುತ್ತದೆ. ‘ಟಿಕ್ ಟಿಕ್’ ಎಂಬ ಸದ್ದು ಇದರದೇ.

ಈ ಯಂತ್ರದಲ್ಲಿ ಗಂಟೆಗೆ 18,000 ಬಡಿತ, ಎಂದರೆ ಸೆಕೆಂಡಿಗೆ ಐದು, ದಿನಕ್ಕೆ 4,32,000. ಒಂದು ವರ್ಷ ನಿಲ್ಲದೆ ಓಡಿದರೆ ಹದಿನೈದೂವರೆ ಕೋಟಿಯನ್ನೂ ಮೀರುತ್ತದೆ. ದಿನಕ್ಕೆ ಅರ್ಧ ನಿಮಿಷ ಹಿಂದೆ ಮುಂದೆ ಆದರೆ ‘ವಾಚು ಸರಿಯಿಲ್ಲ’ ಎಂದು ನಾವು ಗೊಣಗುತ್ತೇವೆ. ಲೆಕ್ಕ ಹಾಕಿದರೆ ಆ ತಪ್ಪು ಮೂರು ಸಾವಿರದಲ್ಲಿ ಸುಮಾರು ಒಂದು ಪಾಲು.

ಡಯಲಿನ ಮೇಲಿನ ‘17 ಜ್ಯೂವೆಲ್ಸ್’ ಎಂಬ ಮಾತಿಗೆ ಆಭರಣದ ಅರ್ಥವಿಲ್ಲ. ಚಕ್ರಗಳ ಅಚ್ಚು ತಿರುಗುವ ಕಡೆ ಲೋಹಕ್ಕೆ ಲೋಹ ಉಜ್ಜಿ ಸವೆಯದಂತೆ ಕೂರಿಸಿದ ಕೃತಕ ಕೆಂಪುಕಲ್ಲುಗಳು ಅವು. ಅಲ್ಲಿ ಬೇಕಾಗುವುದು ಸೂಜಿಮೊನೆಯಷ್ಟು ಎಣ್ಣೆ. ವರ್ಷಗಳು ಕಳೆದಂತೆ ಆ ಎಣ್ಣೆ ಒಣಗಿ ಅಂಟಾಗುತ್ತದೆ, ಗಡಿಯಾರ ನಿಲ್ಲುತ್ತದೆ. ಬೀರುವಿನಲ್ಲಿ ‘ಕೆಟ್ಟು’ ಮಲಗಿರುವ ವಾಚುಗಳಲ್ಲಿ ಎಷ್ಟೋ ನಿಜಕ್ಕೂ ಕೆಟ್ಟಿರುವುದಿಲ್ಲ, ಎಣ್ಣೆ ಒಣಗಿರುತ್ತದೆ ಅಷ್ಟೆ. ಬಿಚ್ಚಿ ತೊಳೆದು ಹೊಸ ಎಣ್ಣೆ ಇಟ್ಟರೆ ಅವು ಮತ್ತೆ ಬಡಿಯತೊಡಗುತ್ತವೆ. ರಿಪೇರಿ ಮಾಡಬಹುದಾದ ವಸ್ತುವಾಗಿಯೇ ಅವು ಹುಟ್ಟಿದ್ದವು.

ಕ್ವಾರ್ಟ್ಜ್ ತಂದ ಬದಲಾವಣೆ

1969ರ ಕ್ರಿಸ್‌ಮಸ್ ದಿನ ಜಪಾನಿನ ಸೀಕೊ ಕಂಪನಿ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ಬಿಟ್ಟಿತು. ಬ್ಯಾಟರಿಯ ವಿದ್ಯುತ್ತಿಗೆ ಕಂಪಿಸುವ ಒಂದು ಸಣ್ಣ ಹರಳು ಬ್ಯಾಲೆನ್ಸ್ ಚಕ್ರದ ಕೆಲಸವನ್ನು ಕಿತ್ತುಕೊಂಡಿತು. ಮುಂದೆ ರೂಢಿಗೆ ಬಂದ ಹರಳುಗಳ ಕಂಪನ ಸೆಕೆಂಡಿಗೆ 32,768. ಐದು ಬಡಿತದ ಯಂತ್ರ ಅದರೊಡನೆ ನಿಖರತೆಯಲ್ಲಿ ಸ್ಪರ್ಧಿಸುವುದು ಆಗದ ಮಾತು. ಸ್ವಿಟ್ಜರ್ಲೆಂಡಿನ ಗಡಿಯಾರ ಉದ್ಯಮವೇ ಇದರಿಂದ ತತ್ತರಿಸಿತು.

ಎಚ್.ಎಂ.ಟಿ.ಯೂ ಕ್ವಾರ್ಟ್ಜ್ ವಾಚು ತಂದಿತು, ಆದರೆ ಅದರ ಬಲವೆಲ್ಲ ಕೀ ಕೊಡುವ ವಾಚಿನಲ್ಲೇ ಉಳಿಯಿತು. 1984ರಲ್ಲಿ ಸ್ಥಾಪನೆಯಾದ ಟೈಟನ್ ಗಡಿಯಾಚೆಯ ಹೊಸೂರಿನಲ್ಲಿ ಕಾರ್ಖಾನೆ ತೆರೆದು, ಕ್ವಾರ್ಟ್ಜ್ ವಾಚುಗಳನ್ನು ಚೆಂದದ ಅಂಗಡಿಗಳಲ್ಲಿ ಇಟ್ಟು ಮಾರಿತು. ಉದಾರೀಕರಣದ ನಂತರ ಪೈಪೋಟಿ ಇನ್ನೂ ಹೆಚ್ಚಿತು. ಆಮೇಲೆ ಮೊಬೈಲ್ ಬಂತು, ಹೊತ್ತು ನೋಡಲು ಕೈಗಡಿಯಾರವೇ ಬೇಡವಾಯಿತು. ನಷ್ಟ ಬೆಳೆದು 2014ರಲ್ಲಿ ಮುಚ್ಚುವ ಸುದ್ದಿ ಹೊರಬಿದ್ದಾಗ ಒಂದು ವಿಚಿತ್ರ ನಡೆಯಿತು. ಎಷ್ಟೋ ವರ್ಷ ಎಚ್.ಎಂ.ಟಿ.ಯನ್ನು ಮರೆತಿದ್ದ ಜನ ಮಳಿಗೆಗಳ ಮುಂದೆ ಮುಗಿಬಿದ್ದರು. ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು.

2019ರಲ್ಲಿ ಜಾಲಹಳ್ಳಿಯಲ್ಲೇ ಎಚ್.ಎಂ.ಟಿ. ಪರಂಪರೆಯ ವಸ್ತುಸಂಗ್ರಹಾಲಯ ತೆರೆಯಿತು. ಹಳೆಯ ಯಂತ್ರ, ಟ್ರ್ಯಾಕ್ಟರ್, ಬಗೆಬಗೆಯ ಗಡಿಯಾರಗಳನ್ನು ಅಲ್ಲಿ ನೋಡಬಹುದು. ಎಚ್.ಎಂ.ಟಿ. ಹೆಸರಿನ ವಾಚುಗಳ ಮಾರಾಟವೂ ಸಣ್ಣ ಪ್ರಮಾಣದಲ್ಲಿ ನಡೆದಿದೆ. ಆದರೆ ಚಕ್ರ, ಸ್ಪ್ರಿಂಗುಗಳನ್ನೆಲ್ಲ ತಾನೇ ತಯಾರಿಸುತ್ತಿದ್ದ ಆ ದೊಡ್ಡ ಕಾರ್ಖಾನೆಯ ಕಾಲ ಮುಗಿದಿದೆ.

ಒಂದು ಉಳಿಯಲು ಇನ್ನೊಂದು

ಹವ್ಯಾಸಿಗಳ ಕಷ್ಟ ಶುರುವಾಗುವುದು ಇಲ್ಲಿಂದ. ಬಿಡಿಭಾಗ ತಯಾರಾಗದ ಯಂತ್ರದ ರಿಪೇರಿಗೆ ಬಿಡಿಭಾಗ ಎಲ್ಲಿಂದ ತರುವುದು? ಹಳೆಯ ಅಂಗಡಿಗಳ ಡಬ್ಬಿಗಳಲ್ಲಿ ಉಳಿದದ್ದು ಒಂದಿಷ್ಟು. ಉಳಿದದ್ದು ಇನ್ನೊಂದು ಗಡಿಯಾರದಿಂದಲೇ ಬರಬೇಕು. ಎರಡು ಕೆಟ್ಟ ವಾಚುಗಳಿಂದ ಒಂದು ಓಡುವ ವಾಚು. ಲಕ್ಷಗಟ್ಟಲೆ ತಯಾರಾದ ಮಾದರಿಗಳಾದ್ದರಿಂದ ಸದ್ಯಕ್ಕೆ ಇದು ನಡೆಯುತ್ತಿದೆ. ಆದರೂ ಈ ರಾಶಿ ಕರಗುವುದೇ ಹೊರತು ಬೆಳೆಯುವುದಿಲ್ಲ.

ಅದಕ್ಕಿಂತ ವೇಗವಾಗಿ ಕರಗುತ್ತಿರುವುದು ಕೈಕಸುಬು. ಪೇಟೆ ಬೀದಿಯ ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯ ಹಿಂದೆ ಕುಳಿತು, ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೆಲಸ ಮಾಡುವ ವಾಚು ರಿಪೇರಿಯವರು ಕಡಿಮೆಯಾಗುತ್ತಿದ್ದಾರೆ. ಹಲವರ ಅಂಗಡಿ ಈಗ ಬ್ಯಾಟರಿ, ಬೆಲ್ಟು ಬದಲಿಸುವಷ್ಟಕ್ಕೆ ಸೀಮಿತ. ಬ್ಯಾಲೆನ್ಸಿನ ಮುರಿದ ಅಚ್ಚನ್ನು ಬದಲಿಸುವುದು, ಸಿಕ್ಕಾದ ಕೂದಲು ಸ್ಪ್ರಿಂಗನ್ನು ಚಿಮಟದ ತುದಿಯಿಂದ ನೇರ ಮಾಡುವುದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಹವ್ಯಾಸಿಗಳು ಇದನ್ನು ಕಲಿಯುತ್ತಿರುವುದು ಅದಕ್ಕೇ ಮುಖ್ಯ. ಮೊದಲ ನಾಲ್ಕಾರು ವಾಚುಗಳು ಹಾಳಾಗುತ್ತವೆ, ಆಮೇಲೆ ಕೈ ಕೂಡುತ್ತದೆ.

ಬಣ್ಣ ಬಳಿದರೆ ಏನು ಉಳಿಯಿತು?

ಈ ಹವ್ಯಾಸದ ದೊಡ್ಡ ತಗಾದೆ ಇರುವುದು ಡಯಲಿನ ಮೇಲೆ. ಹಳೆಯ ಡಯಲನ್ನು ಉಜ್ಜಿ, ಹಸಿರು, ನೀಲಿ, ಕೆಂಪು ಬಣ್ಣ ಬಳಿದು, ಮೇಲೆ ಹಳೆಯ ಹೆಸರು ಮುದ್ರಿಸಿ ‘ಅಪರೂಪದ ಎಚ್.ಎಂ.ಟಿ.’ ಎಂದು ಮಾರುವ ವ್ಯಾಪಾರ ಜೋರಾಗಿದೆ. ಒಳಗಿನ ಯಂತ್ರ ಒಂದು ವಾಚಿನದು, ಮುಳ್ಳು ಇನ್ನೊಂದರದು, ಕವಚ ಮತ್ತೊಂದರದು. ನೋಡಲು ಹೊಳೆಯುತ್ತದೆ. ಆದರೆ ಅಂಥ ಗಡಿಯಾರ ಎಚ್.ಎಂ.ಟಿ. ಕಾರ್ಖಾನೆಯಿಂದ ಎಂದೂ ಹೊರಬಂದಿರಲಿಲ್ಲ. ಇಂಥ ಒಂದೊಂದು ಹೊಳಪಿನ ವಾಚಿಗಾಗಿ ಒಂದೊಂದು ಅಸಲಿ ಡಯಲ್ ಅಳಿಸಿಹೋಗುತ್ತದೆ.

ಹಳೆಯ ಕಾರುಗಳ ಲೋಕ ಈ ಪ್ರಶ್ನೆಯನ್ನು ಮೊದಲೇ ಎದುರಿಸಿದೆ. ಎಂಜಿನ್, ಚಾಸಿಗಳ ಸಂಖ್ಯೆ ದಾಖಲೆಗೆ ಹೊಂದದಿದ್ದರೆ ಅಲ್ಲಿ ಕಾರಿನ ಬೆಲೆ ಬೀಳುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಾಗ, ಮೂಲ ರೂಪ ಉಳಿದಿರಬೇಕು. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಎಂದು ಷರತ್ತು ಹಾಕಿತು. ಗಡಿಯಾರಕ್ಕೆ ಅಂಥ ಕಾನೂನಿಲ್ಲ. ಕೊಳ್ಳುವವರೇ ಎಚ್ಚರ ವಹಿಸಬೇಕು. ಅಕ್ಷರಗಳ ಮುದ್ರಣ ಸ್ಫುಟವಾಗಿದೆಯೇ, ಡಯಲ್, ಹಿಂಬದಿಯ ಮುಚ್ಚಳ, ಒಳಗಿನ ಯಂತ್ರ ಒಂದೇ ಮಾದರಿಗೆ ಸೇರಿದವೇ ಎಂದು ನೋಡಬೇಕು. ಅರ್ಧ ಶತಮಾನದ ವಾಚಿನ ಮುಖ ನಿನ್ನೆ ಬಳಿದಂತೆ ಹೊಳೆಯುತ್ತಿದ್ದರೆ, ಬಹುಶಃ ಅದು ನಿನ್ನೆಯೇ ಬಳಿದದ್ದು.

ಅಪ್ಪನ ವಾಚಿನ ಹಳದಿ ಡಯಲಿಗೂ ಇದೇ ಮಾತು ಸಲ್ಲುತ್ತದೆ. ಹೊಸದಾಗಿ ಕಾಣಲಿ ಎಂಬ ಪ್ರೀತಿಯಿಂದಲೇ ಮನೆಯವರು ಅದಕ್ಕೆ ಬಣ್ಣ ಹಾಕಿಸಿಬಿಡುತ್ತಾರೆ. ಯಂತ್ರವನ್ನು ತೊಳೆಸಿ ಎಣ್ಣೆ ಹಾಕಿಸುವುದು, ಗಾಜು ಬದಲಿಸುವುದು, ಹೊಸ ಬೆಲ್ಟು ತೊಡಿಸುವುದು ತಪ್ಪಲ್ಲ, ಅವು ಸವೆಯಲೆಂದೇ ಇರುವ ಭಾಗಗಳು. ಡಯಲ್ ಹಾಗಲ್ಲ. ಅದರ ಮೇಲಿನ ಕಲೆ ಆ ಗಡಿಯಾರ ಕಂಡ ಬಿಸಿಲು, ಬೆವರು, ಮಳೆಯ ಲೆಕ್ಕ. ಒಮ್ಮೆ ಉಜ್ಜಿ ತೆಗೆದರೆ ಮತ್ತೆ ಬರುವಂಥದಲ್ಲ.

ಓಡತೊಡಗಿದ ಮೇಲಿನ ಆರೈಕೆ ಸುಲಭ. ದಿನಕ್ಕೊಮ್ಮೆ, ಸಾಧ್ಯವಾದರೆ ಒಂದೇ ಹೊತ್ತಿಗೆ, ಕೀ ಕೊಡಬೇಕು, ಬಿಗಿ ಸಿಕ್ಕಿದಲ್ಲಿ ನಿಲ್ಲಿಸಬೇಕು. ನೀರಿನಿಂದ ದೂರ ಇಡಬೇಕು. ಸ್ಪೀಕರಿನಂಥ ಅಯಸ್ಕಾಂತವಿರುವ ಸಾಮಾನಿನ ಪಕ್ಕ ಇಡಬಾರದು, ಇಟ್ಟರೆ ವಾಚು ಜೋರಾಗಿ ಓಡತೊಡಗುತ್ತದೆ. ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಬೇಕು. ಇಷ್ಟು ಮಾಡಿದರೆ ಅದನ್ನು ಮೊಮ್ಮಕ್ಕಳೂ ಕಟ್ಟಬಹುದು.

ಈ ಕೆಲಸವನ್ನು ಮುಂದಕ್ಕೆ ಹಾಕುವುದಷ್ಟೇ ಒಳ್ಳೆಯದಲ್ಲ. ಬಿಡಿಭಾಗಗಳು ಇನ್ನೂ ಸಿಕ್ಕುತ್ತಿವೆ, ಬಲ್ಲ ಕೈಗಳು ಇನ್ನೂ ಕೆಲವು ಉಳಿದಿವೆ. ಬೀರುವಿನ ಒಳಗೂಡಿನಲ್ಲಿ ಹತ್ತು ಇಪ್ಪತ್ತಕ್ಕೆ ನಿಂತ ವಾಚನ್ನು ಹೊರಗೆ ತೆಗೆಯಲು ಇದೇ ಸರಿಯಾದ ಹೊತ್ತು.