ಬಿಡುಗಡೆಯ ಟೋಪಿ ಮತ್ತು ನಮ್ಮ ಮುತ್ಯಾನ ರುಮಾಲು

ಸ್ಮರಣ ಸಂಚಿಕೆಗೆ ಇತಿಹಾಸದ ಮೇಲೆ ಏನಾದರೂ ಬರಿ ಅಂತ ಸಂಘದ ಅಣ್ಣಂದಿರು ಹೇಳಿದಾಗ ಒಂದು ಟೋಪಿಯ ಬಗ್ಗೆ ಬರೆಯೋಣ ಅನ್ನಿಸಿತು. ಏಪ್ರಿಲ್ 14ಕ್ಕೆ ವಾಸ್ಕೋದ ರಸ್ತೆಯಲ್ಲಿ ನಾವು ಹಾಕ್ಕೊಂಡು ಹೋಗುವ ನೀಲಿ ಟೋಪಿ ಅಲ್ಲ. ಅದಕ್ಕಿಂತ ಎರಡು ಸಾವಿರ ವರ್ಷ ಹಳೆಯದು.

ನನ್ನ ಜೊತೆ ಬಿ.ಎ. ಓದುವ ಗೋವಾದ ಗೆಳೆಯನೊಬ್ಬನ ಮನೆಯಲ್ಲಿ ಅವನ ಅಜ್ಜಿ ಜೋಪಾನ ಮಾಡಿಟ್ಟ ಬೆಳ್ಳಿ ರೂಪಾಯಿ ಇದೆ. ಪೋರ್ಚುಗೀಸರು ಇಲ್ಲಿಯ ಚಲಾವಣೆಗೆ ಹಾಕಿಸಿದ್ದು, 1912ರದು. ಅದರ ಮೇಲೆ ಒಬ್ಬ ಹೆಂಗಸಿನ ಮುಖ, ತಲೆಗೆ ಮೆತ್ತನೆಯ ಟೋಪಿ. ಯಾವುದೋ ರಾಣಿ ಇರಬೇಕು ಅಂದುಕೊಂಡೆ. ಆದರೆ ಪೋರ್ಚುಗಲ್‌ನಲ್ಲಿ 1910ರ ಅಕ್ಟೋಬರ್ 5ರಂದೇ ರಾಜನನ್ನು ಓಡಿಸಿ ಗಣರಾಜ್ಯ ಮಾಡಿದ್ದರು. ಆಕೆ ರಾಣಿಯಲ್ಲ, ಗಣರಾಜ್ಯ. ತಲೆ ಮೇಲಿದ್ದದ್ದು ಗುಲಾಮರ ಟೋಪಿ!

ಹಳೆಯ ರೋಮ್‌ನಲ್ಲಿ ಧಣಿ ತನ್ನ ಗುಲಾಮನನ್ನು ಬಿಟ್ಟರೆ ಅವನ ತಲೆ ಬೋಳಿಸಿ ಒಂದು ಟೋಪಿ ಹಾಕುತ್ತಿದ್ದರು. ಹೆಸರು ಪಿಲಿಯಸ್. ಉಣ್ಣೆಯನ್ನು ಬಡಿದು ಮಾಡಿದ್ದು, ನಮ್ಮ ಕಂಬಳಿಯ ಹಾಗೆ ಒರಟು. ತೆರಾಚೀನಾ ಎಂಬ ಊರಿನಲ್ಲಿ ಫೆರೋನಿಯಾ ದೇವಿಯ ಗುಡಿಯಿತ್ತು, ಅಲ್ಲಿ ಈ ಶಾಸ್ತ್ರ ನಡೆಯುತ್ತಿತ್ತು. ಸೀಸರನನ್ನು ಕೊಂದ ಬ್ರೂಟಸ್ ಕ್ರಿ.ಪೂ. 42ರ ಸುಮಾರಿಗೆ ಒಂದು ನಾಣ್ಯ ಹಾಕಿಸಿದ: ಎರಡು ಕಠಾರಿ, ನಡುವೆ ಇದೇ ಟೋಪಿ. ರೋಮ್‌ಗೆ ಬಿಡುಗಡೆ ಕೊಟ್ಟೆವು ಅಂತ ಅರ್ಥ. ಆ ರೋಮ್‌ನಲ್ಲಿ ಮನೆಮನೆಗೆ ಗುಲಾಮರು ದುಡಿಯುತ್ತಲೇ ಇದ್ದರು, ಅವರ ಮಾತು ಬೇರೆ.

ಈಗಿನ ಟರ್ಕಿಯ ಭಾಗವಾದ ಫ್ರಿಜಿಯಾದ ಜನರದು ಬೇರೆ ಟೋಪಿ, ತುದಿ ಮುಂದಕ್ಕೆ ಬಾಗಿದ್ದು. ಮುಂದೆ ಜನ ಎರಡನ್ನೂ ಕಲೆಸಿಬಿಟ್ಟರು. ಫ್ರಾನ್ಸಿನ ಕ್ರಾಂತಿಯಲ್ಲಿ ಅದು ಕೆಂಪು ಬಣ್ಣದಲ್ಲಿ ಬೀದಿಗೆ ಬಂತು. 1792ರ ಜೂನ್ 20ರಂದು ಜನ ಅರಮನೆಗೆ ನುಗ್ಗಿದಾಗ ದೊರೆ ಹದಿನಾರನೇ ಲೂಯಿಯೇ ಅದನ್ನು ತಲೆಗೆ ಹಾಕ್ಕೊಳ್ಳಬೇಕಾಯಿತು. ಅದೇ ಫ್ರಾನ್ಸಿನ ಕೈಕೆಳಗೆ ಕಬ್ಬಿನ ಗದ್ದೆಯಲ್ಲಿ ಸಾಯುತ್ತಿದ್ದ ಹೈಟಿಯ ಕಪ್ಪು ಗುಲಾಮರು 1791ರಲ್ಲಿ ದಂಗೆಯೆದ್ದು 1804ರಲ್ಲಿ ತಮ್ಮದೇ ದೇಶ ಕಟ್ಟಿದರು. ಅವರ ರಾಷ್ಟ್ರಲಾಂಛನದಲ್ಲಿ ತಾಳೆಮರದ ತುದಿಗೆ ಈ ಟೋಪಿ ಇದೆ. ಯಾವ ಧಣಿಯೂ ಹಾಕಿದ ಟೋಪಿ ಅಲ್ಲ ಅದು.

ನನಗೆ ಬಹಳ ಕಾಡಿದ್ದು ಅಮೆರಿಕದ ಕಥೆ. ವಾಷಿಂಗ್ಟನ್ನಿನ ಸಂಸತ್ ಭವನದ ತುದಿಗೆ ಸ್ವಾತಂತ್ರ್ಯದೇವಿಯ ಪ್ರತಿಮೆ ನಿಲ್ಲಿಸಬೇಕಿತ್ತು. ಶಿಲ್ಪಿ ಥಾಮಸ್ ಕ್ರಾಫರ್ಡ್ ಅವಳ ತಲೆಗೆ ಈ ಟೋಪಿ ಇಟ್ಟ. ಆಗ ಯುದ್ಧ ಖಾತೆಯ ಮಂತ್ರಿ ಜೆಫರ್ಸನ್ ಡೇವಿಸ್. ತಾನೇ ಗುಲಾಮರನ್ನು ಇಟ್ಟುಕೊಂಡವನು. ಇದು ಬಿಡುಗಡೆಯಾದ ಗುಲಾಮರ ಟೋಪಿ, ಹುಟ್ಟಿನಿಂದಲೇ ಸ್ವತಂತ್ರರಾದ ನಮಗೆ ಹೊಂದೋದಿಲ್ಲ ಎಂದು ತಕರಾರು ತೆಗೆದ. ಟೋಪಿ ಹೋಯಿತು, ಹದ್ದಿನ ತಲೆಯ ಶಿರಸ್ತ್ರಾಣ ಬಂತು. ಆ ಕಂಚಿನ ಪ್ರತಿಮೆ ಎರಕ ಹೊಯ್ಯುವ ಕೆಲಸದಲ್ಲಿ ದುಡಿದವರಲ್ಲಿ ಫಿಲಿಪ್ ರೀಡ್ ಎಂಬ ಗುಲಾಮನೂ ಇದ್ದ. 1863ರ ಡಿಸೆಂಬರಿನಲ್ಲಿ ಪ್ರತಿಮೆ ಮೇಲೇರುವ ಹೊತ್ತಿಗೆ ಅವನು ಬಿಡುಗಡೆಯಾಗಿದ್ದ, ಅಷ್ಟೇ ಸಮಾಧಾನ. ಟೋಪಿಯ ಅರ್ಥ ಧಣಿಗೆ ಸರಿಯಾಗಿ ಗೊತ್ತಿತ್ತು, ಅದಕ್ಕೇ ತೆಗೆಸಿದ.

ಮತ್ತೆ ಗೋವಾಕ್ಕೆ ಬರೋಣ. ಟೋಪಿಯ ನಾಣ್ಯ ಬಂದ ಈ ನೆಲದಲ್ಲೇ ಮನುಷ್ಯರನ್ನು ಮಾರಿದ್ದಾರೆ. 1583ರಿಂದ ಐದು ವರ್ಷ ಇಲ್ಲಿದ್ದ ಡಚ್ಚರ ಲಿನ್‌ಸ್ಕೋಟನ್, ಹಳೇ ಗೋವಾದ ಪೇಟೆಬೀದಿಯಲ್ಲಿ ಕುದುರೆಗಳ ಜೊತೆ ಗುಲಾಮರನ್ನೂ ಹರಾಜು ಹಾಕುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಮೊಜಾಂಬಿಕ್‌ನಿಂದ ಹಡಗಿನಲ್ಲಿ ತಂದವರೂ ಅವರಲ್ಲಿದ್ದರು. ಕಾಗದದ ಮೇಲೆ ಪೋರ್ಚುಗೀಸರು ಗುಲಾಮಗಿರಿ ತೆಗೆದದ್ದು 1869ರಲ್ಲಿ, ಆಮೇಲೂ ಕೆಲವು ವರ್ಷ ಹಳೇ ಧಣಿಗೇ ದುಡಿಯಬೇಕು ಅಂತ ಷರತ್ತು! ಅಷ್ಟು ದಿನ ಕಾಯದೆ ಬಹಳ ಜನ ಘಟ್ಟ ಹತ್ತಿ ಓಡಿಹೋಗಿದ್ದರು. ನಾವು ಊರಿಗೆ ಹೋಗುವಾಗ ರೈಲು ಹತ್ತುತ್ತದಲ್ಲ, ಅದೇ ಘಟ್ಟದ ಸಾಲು. ಇವತ್ತು ಹಳಿಯಾಳ, ಯಲ್ಲಾಪುರ, ಅಂಕೋಲೆಯ ಕಾಡಿನಲ್ಲಿರುವ ಸಿದ್ದಿಗಳಲ್ಲಿ ಅವರ ಮೊಮ್ಮಕ್ಕಳಿದ್ದಾರೆ. 2003ರಲ್ಲಿ ಸರ್ಕಾರ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. ಅವರ ತಲೆಗೆ ಯಾರೂ ಟೋಪಿ ಇಡಲಿಲ್ಲ, ಕಾಲೇ ಬಿಡುಗಡೆ ಮಾಡಿತು.

1910ರ ಗಣರಾಜ್ಯದಿಂದ ಗೋವಾದ ಹಿಂದೂಗಳಿಗೆ ಕಾನೂನಿನಲ್ಲಿ ಸಮಾನತೆ ಬಂತು, ಇಲ್ಲ ಅನ್ನೋಕಾಗಲ್ಲ. ಆದರೆ ಸಲಾಜಾರ್ ಕಾಲಕ್ಕೆ ಸಭೆ ಸೇರುವುದೂ ಅಪರಾಧ. ಅದನ್ನು ಮುರಿಯಲೆಂದೇ 1946ರ ಜೂನ್ 18ರಂದು ಲೋಹಿಯಾ ಮಡಗಾಂವಿನಲ್ಲಿ ನಿಂತರು.

ಇನ್ನು ನಮ್ಮ ತಲೆಯ ವಿಷಯ. ತಲೆಗೆ ಏನು ಸುತ್ತಬೇಕು, ಮೈಗೆ ಏನು ಉಡಬೇಕು ಎಂಬುದನ್ನು ನಮಗೆ ಜಾತಿಯೇ ಹೇಳುತ್ತಿತ್ತು. ಅದಕ್ಕೇ ಬಾಬಾಸಾಹೇಬರು 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಸೀರೆ ಉಡುವ ರೀತಿ ಬದಲಿಸಿ, ಜಾತಿಯ ಗುರುತಾದ ಭಾರದ ಒಡವೆ ಬಿಡಿ ಅಂದದ್ದು.

ನಮ್ಮ ಮುತ್ಯಾ 1970ರ ನಂತರ ಮುರಗಾಂವ ಬಂದರಿಗೆ ಅದಿರು ಹೊರುವ ಕೆಲಸಕ್ಕೆ ಬಂದ. ಊರಲ್ಲಿ ದೊಡ್ಡವರ ಓಣಿ ಬಂತಂದ್ರೆ ರುಮಾಲು ಬಿಚ್ಚಿ ಕಂಕುಳಲ್ಲಿ ಹಿಡ್ಕೊಂಡು, ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ದಾಟಬೇಕಿತ್ತಂತೆ. ಇಲ್ಲಿ ಮೊದಲ ದಿನ ರುಮಾಲು ಸುತ್ತಿ ಕೆಲಸಕ್ಕೆ ಹೋದನಂತೆ. "ಸಂಜೀತನಕ ಯಾರೂ ಇಳಸು ಅನ್ನಲಿಲ್ಲ ನೋಡು ತಮ್ಮಾ, ನಂಗ ನಂಬಿಕೀನ ಆಗಲಿಲ್ಲ" ಅಂತಿದ್ದ. ಆದರೆ ವರ್ಷಕ್ಕೊಮ್ಮೆ ಜಾತ್ರೆಗೆ ಊರಿಗೆ ಹೋದಾಗ ಬಸ್ಸಿನಿಂದ ಇಳಿಯೋಕೂ ಮುಂಚೆ ತಾನೇ ಬಿಚ್ಚಿ ಚೀಲಕ್ಕೆ ಹಾಕ್ತಿದ್ದ. ನಮ್ಮಪ್ಪನಿಗೆ ಅದನ್ನು ನೋಡಿ ಸಿಟ್ಟು. ಹತ್ತು ಹನ್ನೆರಡು ವರ್ಷ ಇಬ್ಬರಿಗೂ ಆ ಮಾತಿಗೇ ಜಗಳ. ಒಂದು ಜಾತ್ರೆಗೆ ಬಿಚ್ಚದೆ ಇಳಿದ. ಏನಾಯ್ತು ಅಂತ ಕೇಳಿದರೆ ಇವತ್ತಿಗೂ ಹೇಳೋದಿಲ್ಲ. ಆಮೇಲೆ ಊರಿಗೆ ಹೋಗಿದ್ದು ಕಡಿಮೆ.

ಹೋದ ವರ್ಷ ಜಯಂತಿಯ ಮೆರವಣಿಗೆಯಲ್ಲಿ ಮುತ್ಯಾಗೂ ಒಂದು ನೀಲಿ ಟೋಪಿ ಕೊಟ್ಟೆ. ರುಮಾಲಿನ ಮೇಲೆ ಅದು ಕೂಡಲಿಲ್ಲ.

"ರುಮಾಲು ತೆಗಿ ಮುತ್ಯಾ" ಅಂದೆ.

"ತೆಗಿಯೂದಿಲ್ಲ" ಅಂದ, ಟೋಪಿ ನನ್ನ ಕೈಗೇ ವಾಪಸು ಕೊಟ್ಟು ಮುಂದೆ ನಡೆದ.